ಅಪ್ಪನಿಗೆ ಕೇಳಿಸಿದ ಕೆಂಬೂತ

ನಾನು ಚಿಕ್ಕವನಿದ್ದಾಗ, ಒಂದನೇ ಕ್ಲಾಸು ಓದುತ್ತಿದ್ದ ವರ್ಷ, ಅಪ್ಪ ನನ್ನನ್ನೂ ಅಕ್ಕನನ್ನೂ ಕಾಡು ನೋಡಲು ಕರೆದುಕೊಂಡು ಹೋದರು. ಎಪ್ಪತ್ತರ ದಶಕದ ಮಾತು. ನಮ್ಮ ಮನೆ ವಿಜಯನಗರದಲ್ಲಿತ್ತು. ಹಿಂದಿನ ಬೀದಿ ಮುಗಿದ ಕೂಡಲೇ ರಾಗಿ ಹೊಲ ಶುರುವಾಗುತ್ತಿತ್ತು. ಅಪ್ಪ ಮಗ್ಗದ ಶೆಡ್ಡೊಂದರಲ್ಲಿ ಕೆಲಸಕ್ಕಿದ್ದರು. ವಾರಕ್ಕೆ ಆರು ದಿನ ಆ ಮಗ್ಗಗಳ ಖಟಖಟ ಸದ್ದಿನ ನಡುವೆಯೇ ಅವರ ಹಗಲು ಕಳೆಯುತ್ತಿತ್ತು. ಮನೆಗೆ ಬಂದರೂ ಜೋರಾಗಿಯೇ ಮಾತಾಡುತ್ತಿದ್ದರು. ಎಲ್ಲರ ಅಪ್ಪಂದಿರೂ ಹಾಗೇ ಇರುತ್ತಾರೆ ಎಂದುಕೊಂಡಿದ್ದೆ.

ಅದೊಂದು ಚಳಿಗಾಲದ ಭಾನುವಾರ. ಅಮ್ಮ ಕೈಗೂಸಿನ ಜೊತೆ ಮನೆಯಲ್ಲೇ ಉಳಿದು, ನಮಗೆ ಬಾಳೆಲೆಯಲ್ಲಿ ಚಿತ್ರಾನ್ನ ಕಟ್ಟಿಕೊಟ್ಟರು. ಕೆಂಗೇರಿಯಲ್ಲಿ ಬಸ್ಸಿಳಿದಾಗ ಊರೆಲ್ಲ ಮಂಜು. ಎತ್ತಿನ ಗಾಡಿಯವರೊಬ್ಬರು ಅರ್ಧ ದಾರಿ ಹತ್ತಿಸಿಕೊಂಡರು. ಗಾಡಿಯ ಹುಲ್ಲಿನ ಮೇಲೆ ಮಲಗಿ ನಾನು ಮೋಡದೊಳಗೆ ತೇಲಿಕೊಂಡು ಹೋಗುತ್ತಿದ್ದೇನೆ ಅನ್ನಿಸಿತು.

ತುರಹಳ್ಳಿ ಕಾಡಿನೊಳಗೆ ಕಾಲಿಟ್ಟಾಗ ನೀಲಗಿರಿ ಎಲೆಯ ತಣ್ಣನೆ ವಾಸನೆ ಮೂಗಿಗೆ ಏರಿತು. ನೆಲದ ಮಣ್ಣು ಒದ್ದೆಯಾಗಿ, ಮೆತ್ತಗಿತ್ತು. ದೂರದ ಬಂಡೆಗಳು ಮಂಜಿನಲ್ಲಿ ಒಮ್ಮೆ ಕಾಣುತ್ತಿದ್ದವು, ಒಮ್ಮೆ ಕರಗುತ್ತಿದ್ದವು. ಜೇಡರ ಬಲೆಗಳ ತುಂಬ ಹನಿಗಳು. ಮುಂದೆ ಅಪ್ಪ, ಆಮೇಲೆ ಅಕ್ಕ, ಕೊನೆಗೆ ನಾನು. ನಿದ್ದೆಯಲ್ಲಿ ನಡೆದ ಹಾಗೆ ನಡೆದೆವು.

ಎಲಚಿ ಹಣ್ಣಿಗೆಂದು ದಾರಿ ಬಿಟ್ಟು ಪೊದೆಯತ್ತ ಹೋದ ನನ್ನ ಅಂಗಾಲಿಗೆ ಮುಳ್ಳು ಚುಚ್ಚಿತು. “ಅಪ್ಪಾ!” ಎಂದು ಕೂಗಿದೆ. ಅಪ್ಪ ತಿರುಗಲಿಲ್ಲ. ಇನ್ನೂ ಎರಡು ಸಲ ಕೂಗಿದೆ. ಅವರು ಕೈಚೀಲ ಹಿಡಿದು ತಮ್ಮಷ್ಟಕ್ಕೆ ನಡೆಯುತ್ತಾ ಮಂಜಿನೊಳಗೆ ಮರೆಯಾದರು. ಓಡಿ ಬಂದದ್ದು ಅಕ್ಕ. ಅವಳು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುವಾಗ ನಾನು ಬಿಕ್ಕುತ್ತಾ ಹೇಳಿದೆ, “ಅಪ್ಪಂಗೆ ನನ್ನ ಮೇಲೆ ಕೋಪ.”

“ಕೋಪ ಅಲ್ಲ ಕಣೋ. ಅಪ್ಪಂಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಮಗ್ಗದ ಸದ್ದಿಗೆ ಹಂಗಾಗಿದೆ.”

“ಮನೇಲಿ ಕರೆದ್ರೆ ಬರ್ತಾರಲ್ಲ?”

“ಎದುರಿಗಿದ್ರೆ ನಮ್ಮ ಬಾಯಿ ನೋಡಿ ತಿಳ್ಕೋತಾರೆ. ಹಿಂದಿನಿಂದ ಕರೆದ್ರೆ ಗೊತ್ತಾಗಲ್ಲ.”

ಅಷ್ಟರಲ್ಲಿ ಎಲ್ಲಿಂದಲೋ ಅಪ್ಪನ ಕೂಗು ಬಂತು. “ಮಕ್ಳಾ! ಎಲ್ಲಿದೀರಾ?” ನಾವಿಬ್ಬರೂ ಗಂಟಲು ಹರಿಯುವಂತೆ “ಇಲ್ಲೇ ಇದೀವಿ!” ಎಂದೆವು. ಅವರು ಮತ್ತೆ ಕೂಗಿದಾಗ ಆ ದನಿ ಇನ್ನೂ ದೂರವಾಗಿತ್ತು. ಅಪ್ಪ ಬೇರೆ ದಿಕ್ಕಿಗೆ ಹೋಗುತ್ತಿದ್ದರು.

ಅಕ್ಕನಿಗೆ ಆಗ ಹನ್ನೊಂದು ವರ್ಷ. ಅವಳು ದನಿ ಬಂದ ಕಡೆಗೆ ಕಿವಿಗೊಟ್ಟು, ನನ್ನ ಕೈ ಹಿಡಿದಳು. “ನಾವು ಕೂಗಿ ಪ್ರಯೋಜನ ಇಲ್ಲ. ಅವರ ದನಿ ನಮಗೆ ಕೇಳುತ್ತಲ್ಲ, ಅದನ್ನೇ ಹಿಡ್ಕೊಂಡು ಹೋಗೋಣ ಬಾ.”

ದನಿ ಬಂದಾಗ ನಡೆದೆವು, ನಿಂತಾಗ ನಾವೂ ನಿಂತು ಕಾದೆವು. ಕುಂಟುತ್ತಲೇ ಎರಡು ಬಂಡೆಗಳನ್ನು ಸುತ್ತಿದೆ. ಕೊನೆಗೆ ಮರಗಳ ನಡುವೆ ಅಪ್ಪನ ಬೆನ್ನು ಕಂಡಿತು. ನಾವು ಹತ್ತು ಹೆಜ್ಜೆ ಹಿಂದೆಯೇ ಇದ್ದೆವು. ಅಪ್ಪ ಮಾತ್ರ ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಮಂಜಿನ ಕಡೆಗೇ “ಮಕ್ಳಾ!” ಎನ್ನುತ್ತಿದ್ದರು. ದನಿ ಒಡೆದಿತ್ತು. ನಾನು ಓಡಿಹೋಗಿ ಅವರ ಕಾಲುಗಳನ್ನು ತಬ್ಬಿಕೊಂಡೆ. ಅವರು ಬೆಚ್ಚಿ ತಿರುಗಿ, ನೆಲದ ಮೇಲೆ ಕುಳಿತೇಬಿಟ್ಟರು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗಳನ್ನೇ ನೋಡುತ್ತಾ ಕೇಳಿದರು, “ನನ್ನ ಕರೆದ್ಯೇನೋ ಮಗಾ?”

“ಇಲ್ಲಪ್ಪ,” ಎಂದೆ.

ಅಕ್ಕ ನನ್ನನ್ನು ನೋಡಿದಳು.

ಮಂಜು ಕರಗಿ ಬಿಸಿಲು ಬಿತ್ತು. ಬಂಡೆಯ ಮೇಲೆ ಕುಳಿತು ಚಿತ್ರಾನ್ನ ತಿನ್ನುತ್ತಿದ್ದಾಗ ಪೊದೆಯೊಳಗಿಂದ ಕೆಂಬೂತ ಕೂಗಿತು. ಕಂದು ರೆಕ್ಕೆಯ, ಕಾಗೆಯಷ್ಟು ದೊಡ್ಡ ಹಕ್ಕಿ ಅದು. ನಾನು ತಟ್ಟನೆ ಆ ಕಡೆ ತಿರುಗಿದ್ದನ್ನು ಅಪ್ಪ ಗಮನಿಸಿ, “ಏನದು?” ಎಂದರು. ನಾನು ಅವರ ಕಿವಿಗೆ ಕೈ ಅಡ್ಡಹಿಡಿದು, ಹೊಟ್ಟೆಯಿಂದ ದನಿ ತೆಗೆದು “ಹೂಪ್, ಹೂಪ್, ಹೂಪ್” ಎಂದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಮುಖ ಅರಳಿಸಿ, “ಅಯ್ಯೋ, ಕೆಂಬೂತ! ಇನ್ನೊಂದ್ ಸಲ ಹೇಳು,” ಎಂದರು. ಮೈನಾ, ಗಿಳಿ, ಎಲೆಗಳ ನಡುವಿನ ಗಾಳಿ, ಎಲ್ಲವನ್ನೂ ಒಂದೊಂದಾಗಿ ಅವರ ಕಿವಿಗೆ ಹಾಕಿದೆ. ಅಕ್ಕ ನಕ್ಕು ನಕ್ಕು ಚಿತ್ರಾನ್ನ ಚೆಲ್ಲಿಕೊಂಡಳು.

ಮಕ್ಕಳೇ, ಈಗ ನೀವು ಆ ಕಾಡಿಗೆ ಕಾರಿನಲ್ಲಿ ಹೋಗಿ ಬರುತ್ತೀರಿ. ಸುತ್ತ ಎತ್ತರದ ಮನೆಗಳು ಎದ್ದಿವೆ. ಹಕ್ಕಿ ಕೂಗಿದರೆ ಫೋನೇ ಅದರ ಹೆಸರು ಹೇಳುತ್ತದೆ. ನಿಮ್ಮಪ್ಪ ಸ್ವಲ್ಪ ಹಿಂದುಳಿದರೂ ಫೋನಿನ ನಕ್ಷೆಯಲ್ಲಿ ಚುಕ್ಕಿಯಾಗಿ ಕಾಣುತ್ತಾರೆ. ಒಳ್ಳೆಯದೇ, ನೀವು ಯಾರೂ ನಮ್ಮ ಹಾಗೆ ಹೆದರಬೇಕಿಲ್ಲ. ನಮಗೆ ಅಪ್ಪ ಎಲ್ಲಿದ್ದಾರೆಂದು ತಿಳಿಯಲು ಅವರ ಕೈಯನ್ನೇ ಹಿಡಿದಿರಬೇಕಿತ್ತು. ಆ ಸಂಜೆ ಬಸ್ಸಿನಲ್ಲಿ ನಿದ್ದೆ ಹೋದಾಗಲೂ ನಾನು ಅದನ್ನು ಬಿಟ್ಟಿರಲಿಲ್ಲವಂತೆ.