ಬಾಯಿಗೆ ಬಾರದ ಮಾತು

ಬಾಟಲಿ ಕಂದು ಬಣ್ಣದ್ದು ಎಂದು ಬರೆದು ಹೊಡೆದುಹಾಕಿದೆ. ನೀಲಿ ಎಂದು ಬರೆದೆ, ಅದನ್ನೂ ಹೊಡೆದೆ. ಬಣ್ಣವೇ ಇರಲಿಕ್ಕಿಲ್ಲ; ಒಳಗಿದ್ದದ್ದು ನನಗೆ ಚೆನ್ನಾಗಿ ಕಂಡಿತ್ತಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಇಚಲಕರಂಜಿಯ ಮಗ್ಗದವರ ಓಣಿಗಳಲ್ಲಿ ಕೆಮ್ಮುವವರ ಕಫ ಬಾಟಲಿಗಳಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಕೊಲ್ಹಾಪುರದ ಪ್ರಯೋಗಾಲಯಕ್ಕೆ ಒಯ್ಯುವುದು ನನ್ನ ಕೆಲಸ. ಅಲ್ಲಿ ಅದನ್ನು ಮೊಟ್ಟೆಯ ಪಾಕ ಹಾಕಿದ ಗಾಜಿನ ನಳಿಕೆಗಳಲ್ಲಿಟ್ಟು, ಕ್ಷಯದ ರೋಗಾಣು ಬೆಳೆಯುತ್ತದೋ ಎಂದು ವಾರಗಟ್ಟಲೆ ಕಾಯುತ್ತಿದ್ದರು. ಆ ಓಣಿಗಳಲ್ಲಿ ಕನ್ನಡದವರೇ ಹೆಚ್ಚು; ಕನ್ನಡ ಬರುತ್ತದೆಂದೇ ನನ್ನನ್ನು ಆ ಕೆಲಸಕ್ಕೆ ಇಟ್ಟುಕೊಂಡಿದ್ದು.

ಅಲ್ಲೊಬ್ಬಾಕೆ ಇದ್ದಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಂಗಸು. ಕೆಮ್ಮು ಹೆಚ್ಚಾದಾಗ ಪುಟ್ಟ ಮಗಳನ್ನು ದಾನೋಳಿಯ ತವರಿಗೆ ಕಳಿಸಿದ್ದಳು. ರೋಗ ಏನೂ ಇಲ್ಲವೆಂದು ಕೊಲ್ಹಾಪುರದಿಂದ ಕಾಗದ ಬಂದರೆ ಕರೆತರಬೇಕೆಂದಿದ್ದಳು.

"ಇದರಾಗ ಉಗುಳ್ರಿ, ಅಕ್ಕಾರ" ಎಂದೆ. "ಖ್ಯಾಕರಿಸಿ" ಎನ್ನಬೇಕಿತ್ತು. ಅಂಗಡಿಕಾರರ ಮನೆಯಲ್ಲಿ ಬೆಳೆದ ನನಗೆ ಹೆಂಗಸರೆದುರು ಆ ಮಾತು ಬಾಯಿಗೆ ಬರಲಿಲ್ಲ.

ಆಕೆ ಗಟಾರದ ಬಳಿ ಹೋಗಿ ಕೆಮ್ಮಿ ಕೆಮ್ಮಿ ಎಲ್ಲ ಅಲ್ಲಿಗೇ ಉಗುಳಿದಳು. ಬಾಯಿ ಮುಕ್ಕಳಿಸಿದಳು. ಆಮೇಲೆ ಬಾಟಲಿಗೆ ಉಗುಳಿದಳು.

"ಸಾಹೇಬರ ಕಡೆ ಹೋಗೂದರೀ. ಹೊಲಸ ಹೆಂಗ ಕೊಡೂದು?"

"ಒಂದೀಟ ಪೌಡರ್ ಹಚ್ಚಿ ಕೊಡವಾ!" ಎಂದಳು ನೆರೆಮನೆಯಾಕೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಾಟಲಿಯಲ್ಲಿದ್ದದ್ದು ನೀರಿನಂಥ ಜೊಲ್ಲು. ಅದರಿಂದ ಏನೂ ತಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಇನ್ನೊಮ್ಮೆ ಕೇಳದೆ ಮುಚ್ಚಳ ಹಾಕಿ ಒಯ್ದೆ. ಬಸ್ಸಿಗೆ ತಡವಾಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ತಡವಾಗಿರಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಹೋಗಲು ಆ ಬಾಟಲಿ ಹೇಸಿಗೆ ತರಿಸಲಿಲ್ಲ. ಕಾರಣ ಅಷ್ಟೇ.

ಕಾಗದ ಬಂತು: ಏನೂ ಬೆಳೆದಿಲ್ಲ. ನಾನೇ ಓದಿ ಹೇಳಿದೆ. ಮಗಳು ಬಂದಳು. ತಿಂಗಳೆರಡು ಕಳೆದಿರಬೇಕು, ಆ ಓಣಿಗೆ ಮತ್ತೆ ಹೋದಾಗ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ತಾಯಿ ಸೆರಗಿನಲ್ಲಿ ಕೆಮ್ಮುತ್ತಿದ್ದಳು. ಸೊರಗಿದ್ದಳು.

ಇನ್ನೊಂದು ಬಾಟಲಿ ತೆಗೆದೆ. "ಖ್ಯಾಕರಿಸಿ, ಎದಿಯೊಳಗಿಂದ ತಗೀರಿ." ಎಷ್ಟು ಸಲೀಸಾಗಿ ಬಂತು ಮಾತು!

ಈ ಸಲ ರೋಗಾಣು ಬೆಳೆಯಿತು. ಆ ಕಾಗದವನ್ನೂ ನಾನೇ ಓದಿ ಹೇಳಿದೆ.

"ಹಂಗಾರ ಮದಲಿನ ಬಾಟ್ಲಿ ಯಾರದರೀ?" ಎಂದು ಕೇಳಿದಳು.

"ಕೊಲ್ಹಾಪುರದಾಗ ಅದಲಬದಲ ಆಗಿರಬೇಕ್ರಿ."

ಕೊಲ್ಹಾಪುರದವರನ್ನು ಬಾಯಿತುಂಬ ಬೈದಳು. ಮತ್ತೆ ತವರಿಗೆ ಕಳಿಸಲು ಮಗಳ ಬಟ್ಟೆ ಗಂಟು ಕಟ್ಟುತ್ತ, "ನೀವು ತಿರುಗಿ ಬಂದದ್ದಕ್ಕ ಗೊತ್ತಾತು, ಅಣ್ಣಾರ. ಇಲ್ಲಂದ್ರ ನಮ್ಮನ್ನ ಯಾರ ಕೇಳತಿದ್ರು?" ಎಂದಳು.

"ಹೌದ್ರಿ" ಎಂದೆ.