ತವರಿನ ಕೋಳಿ ತಂದ ಬ್ಯಾನಿ

ನೀವು ಎಂದಾದರೂ ಕೋಳಿಯನ್ನು ಚೀಲದಲ್ಲಿ ಅಡಗಿಸಿಕೊಂಡು ಬಸ್ ಹತ್ತಿದ್ದೀರಾ? ನಾನು ಹತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆ. ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವ ಬಸ್ಸು.

"ಚೀಲದಾಗ ಏನೈತೋ ತಮ್ಮಾ?" ಎಂದ ಕಂಡಕ್ಟರ್.

"ಜ್ವಾಳ ಅದಾವ್ರೀ."

"ನಿಮ್ಮೂರ ಜ್ವಾಳ ಕೊಕ್ ಕೊಕ್ ಅಂತಾವೇನು?"

ಬಸ್ಸಿಗೆ ಬಸ್ಸೇ ನಕ್ಕಿತು. (ನಾನಾಗ ಕೊಪ್ಪಳದಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದೆ. ಮರ್ಯಾದೆಯ ಪ್ರಶ್ನೆ ಮಾರಾಯ್ರೆ!)

ಚೀಲದಲ್ಲಿದ್ದವಳು ಕೆಂಪಿ, ನಮ್ಮವ್ವನ ಜೀವ. ಆ ವಾರ ನಮ್ಮೂರಿಗೆ ಕೋಳಿ ಬ್ಯಾನಿ ಬಂದಿತ್ತು. ಸಂಜೆ ಕಾಳು ಹೆಕ್ಕಿದ ಕೋಳಿ ಬೆಳಿಗ್ಗೆ ಕತ್ತು ತಿರುಚಿಕೊಂಡು ಬಿದ್ದಿರುತ್ತಿತ್ತು. ಓಣಿಗೆ ಓಣಿಯೇ ಖಾಲಿ.

ಆಗ ನಮ್ಮ ಕಡೆ ಒಂದು ಪದ್ಧತಿ. ಮನುಷ್ಯರಿಗೆ ಬ್ಯಾನಿ ಬಂದರೆ ಅದನ್ನು ತಂದ ದೇವಿ ಅಮ್ಮನನ್ನು ಪೂಜೆ ಮಾಡಿ ಊರ ಗಡಿ ದಾಟಿಸುತ್ತಿದ್ದರು. ಕೋಳಿಗೆ ಬಂದರೆ? ಉಳಿದ ಕೋಳಿಯನ್ನೇ ಗಡಿ ದಾಟಿಸಿ ಬೀಗರ ಮನೆಗೆ ಕಳಿಸುತ್ತಿದ್ದರು.

ದನದ ದವಾಖಾನೆಯ ಕಂಪೌಂಡರ್ ಬಾಯಿ ಬಡಿದುಕೊಂಡಿದ್ದರು. "ಇದು ರಾಣಿಖೇತ ರೋಗ ಐತ್ರಬೇ. ಛಲೋ ಕಾಣೂ ಕೋಳಿನೂ ಎಲ್ಲಿಗೂ ಒಯ್ಯಬ್ಯಾಡ್ರಿ."

ಅವ್ವ ಕೇಳಬೇಕಲ್ಲ! "ಆಂವ ದನಕ್ಕ ಸೂಜಿ ಮಾಡಾಂವ. ಕೋಳಿ ಬ್ಯಾನಿ ಆಂವಗೇನ್ ಗೊತ್ತು? ನಿಮ್ಮಕ್ಕ ಬಸರಿ ಅದಾಳ, ಕೆಂಪಿ ಇಟ್ಟ ತತ್ತಿ ತಿನ್ನಲಿ. ಸುಮ್ನ ಒಯ್ಯಿ."

ಸೈನ್ಸ್ ಓದುವ ನಾನು ಏನು ಮಾಡಿದೆ? ಸುಮ್ಮನೆ ಒಯ್ದೆ.

ಅಕ್ಕ ಹುಲಿಗೆಮ್ಮ ಮದುವೆಯಾಗಿ ಆ ಮನೆಗೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಅತ್ತೆ ಗಂಗವ್ವನದು ಗಟ್ಟಿ ಬಾಯಿ. ಮಾತಿಗೊಮ್ಮೆ ಸೊಸೆಯ ತವರನ್ನು ಎಳೆದು ತರುವ ಹೆಂಗಸು. ಅವಳ ಹಿತ್ತಲಲ್ಲಿ ಹತ್ತಾರು ಕೋಳಿ, ಪಡಸಾಲೆಯ ಪಂಜರದಲ್ಲೊಂದು ಗಿಳಿ. ಯಾರೇ ಹೊಸ್ತಿಲು ತುಳಿದರೂ "ಬರ್ರಿ, ಕುಂದರ್ರಿ" ಅನ್ನುತ್ತಿತ್ತು. ಆ ಮನೆಯಲ್ಲಿ ಗಂಗವ್ವ ದನಿ ಏರಿಸದೆ ಮಾತಾಡುತ್ತಿದ್ದುದು ಆ ಗಿಳಿಯ ಜೊತೆ ಮಾತ್ರ.

ಕೆಂಪಿಯನ್ನು ಇಳಿಸಿ, ಚಹಾ ಕುಡಿದು ಬಂದೆ. ಹದಿನೈದು ದಿನಕ್ಕೆ ಕೊಪ್ಪಳದ ಹಾಸ್ಟೆಲಿಗೆ ಅಕ್ಕನ ಇನ್‌ಲ್ಯಾಂಡ್ ಪತ್ರ ಬಂತು. 'ಕೆಂಪಿ ಸತ್ತಳು. ಆಮೇಲೆ ಅತ್ತೆಯ ಕೋಳಿ ಎಲ್ಲಾ ಹೋದವು. ಗಿಳಿಯೂ ಹೋಯಿತು. ಅತ್ತೆ ನನ್ನ ಜೋಡಿ ಮಾತು ಬಿಟ್ಟಾರ. ಅವ್ವಗ ಹೇಳಬ್ಯಾಡ.'

ನಾನು ಹೇಳಲಿಲ್ಲ. ಆದರೆ ಮುಂದಿನ ತಿಂಗಳು ಅಕ್ಕನ ಕುಬಸ, ಅಂದರೆ ಸೀಮಂತ ಇತ್ತು. ಅವ್ವ ಸೀರೆ, ಬಳೆ, ಉಂಡಿ ಬುಟ್ಟಿ ಹೊತ್ತು ಹುರುಪಿನಿಂದ ಹೊರಟಳು. ಹಿಂದೆ ನಾನು. ದಾರಿಯುದ್ದಕ್ಕೂ ಒಂದೇ ಯೋಚನೆ. ಕುಬಸಕ್ಕೆ ಬಂದವರ ಮುಂದೆ ಗಂಗವ್ವ ಅವ್ವನ ಮಾನ ತೆಗೆದರೆ? ತುಂಬಿದ ಬಸುರಿ ಅಕ್ಕನ ಗತಿ ಏನು?

ಹೊಸ್ತಿಲು ತುಳಿದೆವು. ಯಾರೂ "ಬರ್ರಿ" ಅನ್ನಲಿಲ್ಲ. ಅವ್ವ ಖಾಲಿ ಪಂಜರ ನೋಡಿದಳು. ಹಿತ್ತಲು ನೋಡಿದಳು. ಅವಳ ಮುಖ ಬಿಳಚಿತು.

"ಬೀಗತಿ... ಗಿಳಿ ಎಲ್ಲಿ? ನಾ ಕಳಿಸಿದ ಕೋಳಿ?"

ಅಕ್ಕ ತಲೆ ತಗ್ಗಿಸಿದಳು.

ಗಂಗವ್ವ ಸೆರಗು ಕೊಡವಿ ಎದ್ದಳು. "ಗಿಳಿ ಹಾರಿಹೋತು. ನಾನs ಪಂಜರದ ಬಾಗಿಲಾ ಹಾಕೂದು ಮರತಿದ್ದೆ. ನಮ್ಮೂರಾಗ ಮೊದ್ಲs ಕೋಳಿ ಬ್ಯಾನಿ ಬಂದಿತ್ತು ನೋಡಬೇ. ನಿನ್ನ ಬಂಗಾರದಂಥ ಕೋಳಿ ನಮ್ಮ ಮನಿಗೆ ಬಂದು ಸತ್ತಿತು. ತಪ್ಪು ನಮ್ದs. ಬಾ, ಕೈಕಾಲು ತೊಳಕೋ."

ನಮ್ಮವ್ವ ಅದನ್ನೇ ನಂಬಿದಳು. "ಪಾಪ, ಬೀಗತಿಗೆ ನನ್ನ ಕೋಳಿ ಉಳಿಸಾಕ ಆಗ್ಲಿಲ್ಲ" ಎಂದು ಸಾಯುವತನಕ ಮರುಗುತ್ತಿದ್ದಳು.

ಇದೆಲ್ಲ ಈಗ್ಯಾಕೆ ನೆನಪಾಯಿತು? ಮೊನ್ನೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಪರಿಚಯದವರ ಮಗಳು ಸಿಕ್ಕಳು. ಪಶುವೈದ್ಯೆ, ಕೋಳಿ ರೋಗದ ಮೇಲೆ ಕೆಲಸ ಮಾಡುವವಳು. ಲ್ಯಾಪ್‌ಟಾಪಿನಲ್ಲಿ ಮರದಂತೆ ಕೊಂಬೆಯೊಡೆದ ವೈರಸ್ ವಂಶವೃಕ್ಷದ ಚಿತ್ರ ತೋರಿಸಿ ಹೇಳಿದಳು: "ಅಂಕಲ್, ರಾಣಿಖೇತ ಅಂದ್ರ ಒಂದs ನಮೂನಿ ವೈರಸ್ ಅಲ್ರೀ. ಅದರಾಗ ಎಷ್ಟೋ ವಂಶ ಅದಾವ. ಕೋಳಿಯಾಗಿಂದು, ಪಂಜರದ ಗಿಳಿಯಾಗಿಂದು ಸ್ಯಾಂಪಲ್ ತಗದು ಜೀನ್ ಓದಿದ್ರ, ಎರಡೂ ಒಂದs ವಂಶದ್ದೋ ಬ್ಯಾರೆಯೋ ತಿಳೀತೈತಿ. ಎಲ್ಲಿಂದ ಬಂದಿರಬೇಕಂತನೂ ಅಂದಾಜ್ ಸಿಗ್ತೈತಿ."

ಇಷ್ಟು ವರ್ಷವಾದರೂ ನಾನು ಆರೋಪಿಯೇ!

ಅಕ್ಕನಿಗೆ ಫೋನ್ ಮಾಡಿದೆ. "ಬ್ಯಾನಿ ನಮ್ಮ ಕೆಂಪಿಯಿಂದ ಬಂತಂತ ನಿಮ್ಮ ಅತ್ತೆಗೆ ಖರೇನs ಗೊತ್ತಿತ್ತೇನವಾ?"

ಅಕ್ಕ ಅಂದಳು: "ಗೊತ್ತಿರಲಾರದ ಏನಪಾ? ಗಿಳಿನ ಹಿತ್ತಲದಾಗ ತಾನs ಮಣ್ಣು ಮಾಡಿ ಎರಡು ದಿನಾ ಉಂಡಿರಲಿಲ್ಲ. ನೀವು ಕುಬಸ ಮುಗಿಸಿ ಹೋದಮ್ಯಾಲೆ ನಾನು ಆಕಿ ಕಾಲು ಹಿಡಕೊಂಡು ಅಳಾಕ ಹತ್ತಿದೆ. 'ಎದ್ದೇಳs ಹುಚ್ಚಿ' ಅಂದ್ಲು. 'ಚೊಚ್ಚಲ ಹೆರಿಗಿಗೆ ತವರಿಗೆ ಹೋಗಾಕಿ ನೀನು. ನಿಮ್ಮವ್ವಗ ಗೊತ್ತಾದ್ರ ಬಾಣಂತನ ಮಾಡ್ತಾಳೋ, ಅಳಕೋತ ಕುಂದರ್ತಾಳೋ?'"

ಫೋನ್ ಕೆಳಗಿಟ್ಟೆ. ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು!

ಬ್ಯಾನಿ ಯಾರ ಮನೆಯಿಂದ ಬಂತೆಂದು ಇಂದು ಲ್ಯಾಬಿನವರು ಹೇಳುತ್ತಾರೆ, ಸರಿ. ಗೊತ್ತಿದ್ದೂ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವ ಗಂಗವ್ವನ ವಂಶ ಎಲ್ಲಿ ಉಳಿದಿದೆ ಎಂದು ಯಾರನ್ನು ಕೇಳೋಣ?