ಬೇರು ತೊಳೆಯುವ ಶಿವಲಿಂಗವ್ವ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಧಾರವಾಡದ ಹೊರಗಿನ ಒಂದು ಸಂಶೋಧನಾ ಹೊಲದಲ್ಲಿ, ನೀರಿನ ತೊಟ್ಟಿಯ ಪಕ್ಕ ಶಿವಲಿಂಗವ್ವ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಎದುರಿಗೆ ಸಾಲಾಗಿ ಮೊಳೆ ಹೊಡೆದ ಉದ್ದನೆಯ ಹಲಗೆ. ನಿನ್ನೆ ಗಿಡಗಳ ಪಕ್ಕ ಗುಂಡಿ ತೋಡಿ, ಗುಂಡಿಯ ಗೋಡೆಗೆ ಈ ಹಲಗೆ ಒತ್ತಿ, ಬೇರು ಸಮೇತ ಕೊಯ್ದು ತಂದ ಎರಿಮಣ್ಣು ರಾತ್ರಿಯಿಡೀ ನೆನೆದು ಮೆತ್ತಗಾಗಿದೆ. ಆಕೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಸೋನೆಮಳೆಯಂತೆ ಬಿಡುತ್ತಾಳೆ. ಮಣ್ಣು ಕರಗಿ ಹರಿಯುತ್ತದೆ. ಬೇರು ಮಾತ್ರ ಮೊಳೆಗಳಿಗೆ ಆತುಕೊಂಡು, ನೆಲದೊಳಗೆ ಹೇಗಿತ್ತೋ ಹಾಗೇ ಉಳಿಯುತ್ತದೆ.

ಇವತ್ತು ಆಕೆಯ ಹಿಂದೆ ಗಂಡ ಬಸಣ್ಣ ಕೈಕಟ್ಟಿ ನಿಂತಿದ್ದಾನೆ.

"ಇದನ್ನ ತೋರ್ಸಾಕ ನಸಿಕಿನ ಬಸ್ಸಿಗೆ ಎಬ್ಬಿಸ್ಕೊಂಡು ಬಂದೀಯೇನ? ರಾಡಿ ನಮ್ಮ ಹೊಲದಾಗೂ ಐತಿ."

"ಸ್ವಲ್ಪ ತಡೀರಿ. ರಾಡಿ ಒಳಗ ಏನೈತಿ ನೋಡೂಣಂತ."

ಜಗಳ ಒಂದು ವಾರದ್ದು. ಉಪ್ಪಿನಬೆಟಗೇರಿಯ ಅವರ ಎರಡು ಎಕರೆಯಲ್ಲಿ, ಈ ಕಡೆಯ ರೂಢಿಯಂತೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರೂ ಒಟ್ಟಿಗೆ ಬೆಳೆಯುತ್ತಿವೆ. ಹದಿನೈದು ದಿನ ಮಳೆ ತಪ್ಪಿತು. ಉಳ್ಳಾಗಡ್ಡಿಯ ಗರಿ ತುದಿಯಲ್ಲಿ ಹಳದಿಯಾಯಿತು. ಹತ್ತಿಯೇ ಅದರ ನೀರು ಕದಿಯುತ್ತಿದೆ ಎಂದು ಬಸಣ್ಣನ ತೀರ್ಪು. ಇವತ್ತು ಸಂಜೆಯೊಳಗೆ ಹತ್ತಿ ಅಷ್ಟನ್ನೂ ಕಿತ್ತೊಗೆಯುವುದೆಂದು ಗಟ್ಟಿ ಮಾಡಿದ್ದಾನೆ. ಆದರೆ ಆ ಹತ್ತಿಯನ್ನು ರಜೆಯ ಭಾನುವಾರಗಳಲ್ಲಿ ಬಗ್ಗಿ ಬಗ್ಗಿ, ಒಂದೊಂದೇ ಬೀಜ ಊರಿದವಳು ಶಿವಲಿಂಗವ್ವ. ಸಂಶೋಧನಾ ಹೊಲದ ಒಂದು ತಾಕಿನಲ್ಲೂ ಅದೇ ಮೂರು ಬೆಳೆಗಳಿವೆ, ಇವತ್ತಿನ ಹಲಗೆ ಅದರದ್ದೇ. "ಮೊದಲ ಬೇರು ನೋಡ್ರಿ, ಆಮ್ಯಾಲೆ ಬೇಕಾರ ಕೀಳ್ರಿ" ಎಂದು ಗಂಡನನ್ನು ಕರೆತಂದಿದ್ದಾಳೆ.

ಒಂಬತ್ತು ವರ್ಷದ ಹಿಂದೆ ಆಕೆ ಇಲ್ಲಿಗೆ ಬಂದದ್ದು ಕಳೆ ತೆಗೆಯುವ ಕೂಲಿಗೆ. ಒಂದು ದಿನ ಬೇರು ತೊಳೆ ಎಂದರು. "ನಾ ಭಾಂಡಿ ತಿಕ್ಕಿದಂಗ ಗಸಗಸ ತಿಕ್ಕಿ ಥಳಥಳ ಮಾಡಿಟ್ಟೆ. ಸಣ್ಣ ಬೇರೆಲ್ಲಾ ಗಟಾರಕ್ಕ! ತೂಕ ಮಾಡಾಕ ಬಂದವರು ತಕ್ಕಡಿ ಹಿಡಕೊಂಡು ನನ್ನ ಮಾರಿ ನೋಡಾಕತ್ರು" ಎಂದು ಈಗಲೂ ನಗುತ್ತಾಳೆ. ಈಗ ಒಂದು ಹಲಗೆಗೆ ಮೂರು ತಾಸು, ದಿನಕ್ಕೆ ಎರಡು ಹಲಗೆ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ. ಉಗುರಿನ ಸಂದಿಯ ಕಪ್ಪು ಹಬ್ಬದ ದಿನವೂ ಹೋಗುವುದಿಲ್ಲ. "ಶಿವಲಿಂಗವ್ವಾರು ರಜಾ ಹಾಕಿದ್ರ ನಮ್ಮ ಪ್ರಯೋಗಕ್ಕೂ ರಜಾನೇ" ಎನ್ನುತ್ತಾಳೆ ಇಲ್ಲಿಯ ಸಂಶೋಧಕಿ ಚಿನ್ಮಯೀ.

ಬೇರುಗಳ ಸ್ವಭಾವ ಶಿವಲಿಂಗವ್ವನಿಗೆ ಓರಗಿತ್ತಿಯರ ಸ್ವಭಾವದಷ್ಟೇ ಗೊತ್ತು. "ಜ್ವಾಳದಾಗ ಯಜಮಾನಿ ಅಂತ ಇಲ್ರಿ, ಎಲ್ಲಾ ಸರಿಸಮ. ಕಸಬರಗಿಗತೆ ಬುಡದಿಂದ ಹಬ್ಬತಾವ. ತೊಗರಿ ಹಂಗಲ್ಲ. ತಾಯಿಬೇರು ಒಬ್ಬಾಕಿನ ನೆಟ್ಟಗ ಇಳೀತಾಳ. ಉಳಿದಾವು ಆಕಿ ಸೆರಗು ಹಿಡಕೊಂಡಿರ್ತಾವ."

ಒಂಬತ್ತರ ಹೊತ್ತಿಗೆ ಮಣ್ಣೆಲ್ಲ ಇಳಿದಿದೆ. ಬಸಣ್ಣ ತನಗೇ ಗೊತ್ತಿಲ್ಲದಂತೆ ಹಲಗೆಯ ಹತ್ತಿರ ಕೂತಿದ್ದಾನೆ. ಮೇಲೆ ಉಳ್ಳಾಗಡ್ಡಿ: ಬಿಳಿ ದಾರದ ಕುಚ್ಚು, ಒಂದು ಗೇಣಿಗೇ ಮುಗಿದಿದೆ. ಹತ್ತಿಯ ತಾಯಿಬೇರು ಆ ಕುಚ್ಚಿನ ಪಕ್ಕದಲ್ಲಿ ಒಂದೆರಡು ಎಳೆ ಬಿಟ್ಟು, ಮತ್ತೆಲ್ಲೂ ನಿಲ್ಲದೆ ಎರಡು ಮೊಳ ಕೆಳಗಿಳಿದಿದೆ.

"ನೋಡ್ರಿ, ಇದರ ಊಟ ಕೆಳಗಿನ ಮನ್ಯಾಗ. ಮ್ಯಾಲಿನ ಗಂಗಾಳಕ್ಕ ಯಾಕ ಕೈ ಹಾಕೀತು?"

ಬಸಣ್ಣ ಬೆರಳು ಚಾಚುತ್ತಾನೆ. ಆಕೆ ಕೈಮೇಲೆ ಪಟ್ಟನೆ ಹೊಡೆಯುತ್ತಾಳೆ. "ಮುಟ್ಟಬ್ಯಾಡ್ರಿ, ಇನ್ನಾ ತೂಕ ಆಗಬೇಕು!"

"ಹಂಗಾರ ಉಳ್ಳಾಗಡ್ಡಿ ಕುಚ್ಚಿನ್ಯಾಗ ಅಡ್ಡ ತೂರಿದ್ದು ಯಾವುದು?"

"ಮೆಣಸಿನಕಾಯಿ. ಮಡಿಯಾಗಿನ ಅಗಿ ಕಿತ್ತು ಹೊಲದಾಗ ಹಚ್ಚೂಮುಂದ ತಾಯಿಬೇರಿನ ತುದಿ ಮುರೀತೈತಿ. ಕೆಳಗ ಹೋಗಾಕ ಆಗದ ಅಡ್ಡ ಹಬ್ಬತೈತಿ."

ತೂಕ ಮಾಡಲು ಬಂದ ಚಿನ್ಮಯೀ ಪಾಪ, ಏನೂ ಅರಿಯದೆ ಕೇಳುತ್ತಾಳೆ. "ಅಗಿ ಭಾಳ ಸಮೀಪ ಹಚ್ಚಿದ್ರ ಉಳ್ಳಾಗಡ್ಡಿಗೆ ತ್ರಾಸ ಆಗ್ತದ್ರಿ. ನಿಮ್ಮ ಹೊಲದಾಗ ಯಾರು ಹಚ್ಚಿದ್ದು?"

ಆ ಸಸಿ ಹಚ್ಚಿದವನು ಬಸಣ್ಣ. ಒಂದು ಸಾಲು ಹೆಚ್ಚು ಹಿಡಿಸಲೆಂದು, ಹೆಂಡತಿ ಬೇಡವೆಂದರೂ ಒತ್ತೊತ್ತಾಗಿ ಹಚ್ಚಿದ್ದಾನೆ. ಆತ ಎದ್ದು ಪಡುವಣದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ.

"ಮಳಿ ಬರೂ ಹಂಗ ಕಾಣತೈತಿ."

ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಶಿವಲಿಂಗವ್ವ ತಲೆ ತಗ್ಗಿಸಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಪೈಪು ಸುತ್ತುತ್ತಾಳೆ.

ಅಂದು ಸಂಜೆ ಹೊಲದಿಂದ ಹೊರಬಿದ್ದದ್ದು ಒತ್ತಾಗಿದ್ದ ಮೆಣಸಿನ ಸಾಲು. ಹತ್ತಿಯನ್ನು ಯಾರೂ ಮುಟ್ಟಲಿಲ್ಲ. ಈಗ ಬಸಣ್ಣ ಊರ ಕಟ್ಟೆಯ ಮೇಲೆ ಕೂತು, ನೆಲದಲ್ಲಿ ಕಡ್ಡಿಯಿಂದ ಗೀರಿ, ಯಾವ ಬೇರು ಎಷ್ಟು ಆಳ ಎಂದು ಮಂದಿಗೆ ತಿಳಿಸಿ ಹೇಳುತ್ತಾನಂತೆ. ಹಲಗೆ ತೊಳೆದದ್ದೂ ತಾನೇ ಎಂದು.

"ಹೇಳ್ಕೊಳ್ಳಲಿ ಬಿಡ್ರಿ, ನನ್ನ ಹತ್ತಿ ಉಳೀತು" ಎನ್ನುತ್ತಾಳೆ ಶಿವಲಿಂಗವ್ವ. ಆಮೇಲೆ ಕೈಯೊರೆಸಿಕೊಳ್ಳುತ್ತ: "ಆದ್ರ ತೊಳದಿದ್ದು ತಾವ ಅಂತಾರಲ್ಲ, ಅದು ಸುಳ್ಳು. ಅವರು ತೊಳದಿದ್ರ ನೋಡಾಕ ಒಂದ ಬೇರೂ ಇರ್ತಿರಲಿಲ್ಲ."